ಡೇಟಾ ಸೆಂಟರ್‌ನ ಕೇಬಲ್ ಹಾದಿ: ಮೊದಲೇ ಹಾಕಬೇಕಾದ ಲೆಕ್ಕ

ಡೇಟಾ ಸೆಂಟರ್ ಅಥವಾ ಸರ್ವರ್ ಕೊಠಡಿಯನ್ನು ನಿರ್ಮಿಸುವ ಉದ್ಯಮಿಗಳು ಸರ್ವರ್, ಯು.ಪಿ.ಎಸ್. ಹಾಗೂ ಹವಾನಿಯಂತ್ರಣದ ದರಪಟ್ಟಿಗಳನ್ನು ಕೂಲಂಕಷವಾಗಿ ಪರಿಶೀಲಿಸುತ್ತಾರೆ. ಕೇಬಲ್ ಟ್ರೇಗಳ ಸರದಿ ಬಂದಾಗ ಮಾತ್ರ ಮೊತ್ತ ಕಡಿತಗೊಳಿಸುವುದು ವಾಡಿಕೆ. ನನ್ನ ಗ್ರಾಹಕ ಸಂಸ್ಥೆಯೊಂದು ಹೀಗೆಯೇ ಅರ್ಧ ಅಗಲದ ಟ್ರೇ ಹಾಕಿಸಿತು. ಮೂರನೆಯ ವರ್ಷ ಹೊಸ ರ‍್ಯಾಕ್‌ಗಳಿಗೆ ಕೇಬಲ್ ಎಳೆಯಲು ಸ್ಥಳವಿಲ್ಲದೆ, ಎರಡು ಭಾನುವಾರ ಬಿಲ್ಲಿಂಗ್ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಉಳಿತಾಯಕ್ಕಿಂತ ಮರುಕೆಲಸದ ವೆಚ್ಚವೇ ಅಧಿಕವಾಯಿತು.

ಭರ್ತಿಯ ಪ್ರಮಾಣ

300 ಮಿ.ಮೀ. ಅಗಲ, 100 ಮಿ.ಮೀ. ಆಳದ ಟ್ರೇಯ ಅಡ್ಡಛೇದ 30,000 ಚದರ ಮಿ.ಮೀ. 6 ಮಿ.ಮೀ. ವ್ಯಾಸದ ಕ್ಯಾಟ್-6 ಕೇಬಲ್‌ನದು ಸುಮಾರು 28. ಭಾಗಿಸಿದರೆ ಸಾವಿರಕ್ಕೂ ಹೆಚ್ಚು ಕೇಬಲ್ ಹಿಡಿಯುವಂತೆ ತೋರುತ್ತದೆ. ಆದರೆ ದುಂಡನೆಯ ಕೇಬಲ್‌ಗಳ ನಡುವೆ ಸಂದುಗಳು ಉಳಿಯುವುದರಿಂದ, ಲೆಕ್ಕದಲ್ಲಿ ಶೇ. 50 ತಲುಪುವಷ್ಟರಲ್ಲಿ ಟ್ರೇ ವಾಸ್ತವವಾಗಿ ತುಂಬಿರುತ್ತದೆ. ಆದುದರಿಂದಲೇ ಅಮೆರಿಕದ ಟಿ.ಐ.ಎ.-569 ಮಾನದಂಡವು ಆರಂಭಿಕ ಭರ್ತಿಗೆ ಶೇ. 25, ಗರಿಷ್ಠ ಮಿತಿಗೆ ಶೇ. 50 ಎಂದು ಹೇಳುತ್ತದೆ. ಅಂದರೆ ಮೊದಲಿಗೆ ಸುಮಾರು 265 ಕೇಬಲ್, ಕೊನೆಗೆ 530.

10 ಗಿಗಾಬಿಟ್ ವೇಗಕ್ಕಾಗಿ 8 ಮಿ.ಮೀ. ವ್ಯಾಸದ ಕ್ಯಾಟ್-6ಎ ಬಳಸಿದರೆ ಅದೇ ಟ್ರೇಯ ಗರಿಷ್ಠ ಸಾಮರ್ಥ್ಯ 300ಕ್ಕೂ ಕೆಳಗಿಳಿಯುತ್ತದೆ. ವ್ಯಾಸ ಮೂರನೆಯ ಒಂದು ಭಾಗದಷ್ಟು ಹೆಚ್ಚಿದರೆ ಸಾಮರ್ಥ್ಯ ಸುಮಾರು ಶೇ. 44ರಷ್ಟು ಕುಗ್ಗುತ್ತದೆ ಎಂಬುದು ಗಮನಾರ್ಹ.

ಹೂಡಿಕೆಯ ದೃಷ್ಟಿ

ಕಂಪನಿ ಕಾಯ್ದೆ, 2013ರ ಎರಡನೆಯ ಅನುಸೂಚಿಯು ಸರ್ವರ್ ಮತ್ತು ನೆಟ್‌ವರ್ಕ್‌ಗಳ ಉಪಯುಕ್ತ ಆಯುಷ್ಯವನ್ನು 6 ವರ್ಷಗಳೆಂದು ನಿಗದಿಪಡಿಸಿದೆ. ಟ್ರೇಗಳಾದರೋ ಸರ್ವರ್‌ಗಳು ಒಂದೆರಡು ಬಾರಿ ಬದಲಾದ ಮೇಲೂ ಉಳಿಯಬಲ್ಲವು. ಅಗಲ ಹೆಚ್ಚಿಸಿದಾಗ ತಗಡಿನ ಬೆಲೆ ಏರುತ್ತದೆ. ಅಳವಡಿಕೆಯ ಕೂಲಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ.

ಗುತ್ತಿಗೆ ನೀಡುವ ಮುನ್ನ

1. ಇಂದಿನ ರ‍್ಯಾಕ್‌ಗಳನ್ನಲ್ಲ, ಕೊಠಡಿ ಪೂರ್ಣ ತುಂಬಿದಾಗ ಇರಬಹುದಾದ ರ‍್ಯಾಕ್‌ಗಳನ್ನು ಎಣಿಸಿರಿ.
2. ವಿದ್ಯುತ್ ಹಾಗೂ ದತ್ತಾಂಶದ ಕೇಬಲ್‌ಗಳಿಗೆ ಪ್ರತ್ಯೇಕ ಹಾದಿ ಇರಲಿ.
3. ತಿರುವು ಹಾಗೂ ಗೋಡೆಯ ರಂಧ್ರಗಳನ್ನು ಅಳೆಯಿರಿ. ಅತಿ ಕಿರಿದಾದ ಸ್ಥಳವೇ ಇಡೀ ಹಾದಿಯ ಸಾಮರ್ಥ್ಯವನ್ನು ನಿರ್ಧರಿಸುತ್ತದೆ.
4. ಬಳಕೆ ತಪ್ಪಿದ ಕೇಬಲ್‌ಗಳನ್ನು ತೆಗೆಯುವ ಷರತ್ತನ್ನು ಕರಾರಿನಲ್ಲಿ ಸೇರಿಸಿರಿ. ಎತ್ತರಿಸಿದ ನೆಲದಡಿ ಅವು ತಂಪು ಗಾಳಿಯನ್ನು ತಡೆದು ವಿದ್ಯುತ್ ವೆಚ್ಚವನ್ನು ಹೆಚ್ಚಿಸುತ್ತವೆ.

ಬೆಂಕಿ ಬಿದ್ದಾಗ ಬಾವಿ ತೋಡುವ ಬದಲು, ದರಪಟ್ಟಿಗೆ ಸಹಿ ಹಾಕುವ ಮುನ್ನವೇ ಗುತ್ತಿಗೆದಾರರಿಂದ ಭರ್ತಿಯ ಲೆಕ್ಕವನ್ನು ಲಿಖಿತವಾಗಿ ಪಡೆಯುವುದು ಜಾಣತನ.