ನೂರರಲ್ಲಿ ಒಂದು ಕಾರು: ಕೊಳ್ಳುವಾಗ ಒಂದು ಬೆಲೆ, ಮಾರುವಾಗ ಇನ್ನೊಂದು

ಭೀಮುನಿಪಟ್ಟಣ: ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ನಮ್ಮಲ್ಲಿದೆ. ಬೆರಳೆಣಿಕೆಯಷ್ಟು ಮಾತ್ರ ತಯಾರಾಗುವ ದುಬಾರಿ ಸ್ಪೋರ್ಟ್ಸ್ ಕಾರುಗಳ ಬಗ್ಗೆಯೂ ಜನರ ನಂಬಿಕೆ ಹೀಗೆಯೇ ಇದೆ. ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಬರುವ ಕಡಲತೀರದ ರಸ್ತೆಯಲ್ಲಿ ಅಂಥದ್ದೊಂದು ಕಾರು ಸದ್ದು ಮಾಡುತ್ತಾ ಹೋದರೆ, "ಇಡೀ ದೇಶದಲ್ಲಿ ಹತ್ತೋ ಹದಿನೈದೋ ಇವೆಯಂತೆ, ಇದರ ಬೆಲೆ ಇಳಿಯುವ ಮಾತೇ ಇಲ್ಲ" ಎನ್ನುವವರು ನಮ್ಮ ಪಕ್ಕದಲ್ಲೇ ಇರುತ್ತಾರೆ.

ಹೋಟೆಲು, ಬೇಕರಿ, ಗುತ್ತಿಗೆ ಕೆಲಸ ಎಂದು ದಶಕಗಳ ಹಿಂದೆ ವಿಶಾಖಪಟ್ಟಣ, ವಿಜಯವಾಡಗಳಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಇಂದು ಚೆನ್ನಾಗಿ ಸಂಪಾದಿಸುತ್ತಿದ್ದಾರೆ. ಅವರಿಗೆ ಒಳ್ಳೆಯ ಕಾರಿನ ಆಸೆ ಇದ್ದರೆ ತಪ್ಪೇನೂ ಇಲ್ಲ. ಆದರೆ ಅಪ್ಪ ಕಟ್ಟಿದ ಅಂಗಡಿಯ ಮೇಲೆ ಸಾಲ ಎತ್ತಿ, "ಮೂರು ವರ್ಷ ಓಡಿಸಿ ಅದೇ ಬೆಲೆಗೆ ಮಾರುತ್ತೇನೆ" ಎಂದು ಲೆಕ್ಕ ಹಾಕುವಾಗ ಸ್ವಲ್ಪ ನಿಂತು ಯೋಚಿಸಬೇಕು. ಬ್ಯಾಂಕಿನಲ್ಲಿ ಸಾಲದ ಕಾಗದಗಳ ನಡುವೆ ಮೂವತ್ತು ವರ್ಷ ಕಳೆದವನಾಗಿ ಈ ವಿಷಯವನ್ನು ಸಮಾಜ ಬಾಂಧವರ ಮುಂದಿಡುತ್ತಿದ್ದೇನೆ.

ಸಂಖ್ಯೆ ಕಡಿಮೆಯಾದರೆ ಬೆಲೆ ಹೆಚ್ಚೇ?

1962ರಿಂದ 1964ರವರೆಗೆ ಫೆರಾರಿ ಕಂಪನಿ ತಯಾರಿಸಿದ 250 ಜಿಟಿಓ ಕಾರುಗಳು ಕೇವಲ 36. ಅವುಗಳಲ್ಲಿ ಒಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. 1990ರ ದಶಕದಲ್ಲಿ ತಯಾರಾದ ಮೆಕ್ಲಾರೆನ್ ಎಫ್1 ಕಾರುಗಳು ಒಟ್ಟು 106. ಅವುಗಳಲ್ಲಿ ಒಂದು 2021ರಲ್ಲಿ 2 ಕೋಟಿ ಡಾಲರಿಗೂ ಹೆಚ್ಚು ತಂದುಕೊಟ್ಟಿತು. ಪತ್ರಿಕೆಗಳಲ್ಲಿ ಇಂಥ ಸುದ್ದಿಗಳೇ ದಪ್ಪಕ್ಷರದಲ್ಲಿ ಬರುತ್ತವೆ.

ಆದರೆ ಅದೇ 250 ಜಿಟಿಓ ಕಾರುಗಳು 1960ರ ದಶಕದ ಕೊನೆಯಲ್ಲಿ ಹಳೆಯ ರೇಸ್ ಕಾರುಗಳೆನಿಸಿ, ಹೊಸದರ ಬೆಲೆಗಿಂತ ಎಷ್ಟೋ ಕಡಿಮೆಗೆ ಕೈ ಬದಲಾಯಿಸಿದ್ದವು ಎಂಬುದನ್ನು ಯಾರೂ ಹೇಳುವುದಿಲ್ಲ. ಆಗ ಮಾರಿದವನಿಗೆ ನಷ್ಟ, ಹಲವು ದಶಕ ಇಟ್ಟುಕೊಂಡವನಿಗೆ ಲಾಭ. ಈ ಎರಡೂ ಕಾರುಗಳು ರೇಸಿನಲ್ಲಿ ಹೆಸರು ಮಾಡಿದಂಥವು. 1995ರ ಲ ಮಾನ್ಸ್ 24 ಗಂಟೆಗಳ ಸ್ಪರ್ಧೆಯನ್ನು ಗೆದ್ದದ್ದು ಮೆಕ್ಲಾರೆನ್ ಎಫ್1ರ ರೇಸ್ ಮಾದರಿಯೇ. ತಯಾರಿಸಿದ ಕಂಪನಿಗಳೂ ಇಂದಿಗೂ ಉಳಿದಿವೆ. ಅಂದರೆ ಆ ಬೆಲೆಯ ಹಿಂದೆ ಸಂಖ್ಯೆಯ ಜೊತೆಗೆ ಇತಿಹಾಸವೂ ಇದೆ, ಕೊಳ್ಳಲು ಕಾದಿರುವ ಜನರೂ ಇದ್ದಾರೆ.

ಇದಕ್ಕೆ ತದ್ವಿರುದ್ಧ ಉದಾಹರಣೆ ಜಾಗ್ವಾರ್ ಎಕ್ಸ್‌ಜೆ220. 1988ರಲ್ಲಿ ಬ್ರಿಟನ್ನಿನ ಮೋಟಾರು ಪ್ರದರ್ಶನದಲ್ಲಿ ಅದನ್ನು ತೋರಿಸಿದಾಗ ಜನ 50,000 ಪೌಂಡ್ ಮುಂಗಡ ಕಟ್ಟಲು ಮುಗಿಬಿದ್ದರು. ಕಾರು ಕೈಗೆ ಬರುವಷ್ಟರಲ್ಲಿ, 1992ರ ಹೊತ್ತಿಗೆ, ಅಲ್ಲಿ ಆರ್ಥಿಕ ಹಿಂಜರಿತ ಕಾಲಿಟ್ಟಿತ್ತು. ಹನ್ನೆರಡು ಸಿಲಿಂಡರಿನ ಎಂಜಿನ್ ಎಂದು ತೋರಿಸಿದ್ದು ಆರು ಸಿಲಿಂಡರಿಗೆ ಇಳಿದಿತ್ತು. ಮುಂಗಡ ಕಟ್ಟಿದವರೇ ಕಾರು ಬೇಡವೆಂದು ಕೋರ್ಟಿಗೆ ಹೋದರು. ಕೊನೆಗೆ ತಯಾರಾದದ್ದು 300ಕ್ಕೂ ಕಡಿಮೆ. ಸಂಖ್ಯೆ ಕಡಿಮೆಯಿದ್ದರೂ ಬೆಲೆ ವರ್ಷಗಟ್ಟಲೆ ಬಿದ್ದೇ ಇತ್ತು. ವಸ್ತು ಅಪರೂಪವಾಗಿರುವುದು ಬೇರೆ, ಅದಕ್ಕೆ ಗಿರಾಕಿ ಇರುವುದು ಬೇರೆ ಎಂಬುದಕ್ಕೆ ಇಷ್ಟು ಸಾಕು.

ನಮ್ಮ ದೇಶದ ಅನುಭವ

ನಮ್ಮಲ್ಲೂ ಇಂಥ ಪ್ರಯತ್ನಗಳು ನಡೆದಿವೆ. 1990ರ ದಶಕದ ಕೊನೆಯಲ್ಲಿ ಗೋವಾದಿಂದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಕಾರು ಬಂತು. ಫೈಬರ್ ಮೈ, ರೆನೋ ಎಂಜಿನ್. ನೋಡಲು ಚೆಂದವಿತ್ತು, ಮಾರಾಟವಾದದ್ದು ಬಹಳ ಕಡಿಮೆ. 2012ರ ದೆಹಲಿ ಆಟೋ ಎಕ್ಸ್‌ಪೋದಲ್ಲಿ ವಿನ್ಯಾಸಗಾರ ದಿಲೀಪ್ ಛಾಬ್ರಿಯಾ ಅವರ ಡಿಸಿ ಸಂಸ್ಥೆಯ ಅವಂತಿ ಕಾರು ದೊಡ್ಡ ಸುದ್ದಿಯಾಯಿತು. ಅದರಲ್ಲೂ ರೆನೋ ಎಂಜಿನ್ನೇ ಇತ್ತು. ಅಪ್ಪಟ ಭಾರತೀಯ ಸ್ಪೋರ್ಟ್ಸ್ ಕಾರು ಎಂದು ಹಲವರು ಹೆಮ್ಮೆಯಿಂದ ಕೊಂಡರು.

2020ರ ಡಿಸೆಂಬರಿನಲ್ಲಿ ಮುಂಬೈ ಪೊಲೀಸರು ಛಾಬ್ರಿಯಾ ಅವರನ್ನು ಬಂಧಿಸಿದರು. ಒಂದೇ ಕಾರಿನ ಮೇಲೆ ಒಂದಕ್ಕಿಂತ ಹೆಚ್ಚು ಸಾಲ, ಒಂದೇ ಕಾರಿಗೆ ಬೇರೆ ಬೇರೆ ಕಡೆ ನೋಂದಣಿ ಎಂಬುದು ಪೊಲೀಸರು ಹೊರಿಸಿದ ಆರೋಪ. ಆರೋಪದ ಸತ್ಯಾಸತ್ಯತೆ ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಆದರೆ ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಕೊಂಡ ಒಬ್ಬ ಸಾಮಾನ್ಯ ಗ್ರಾಹಕನ ಸ್ಥಿತಿ ಯೋಚಿಸಿ. ಮಾದರಿಯ ಮೇಲೇ ಅನುಮಾನ ಬಿದ್ದ ಮೇಲೆ ಎರಡನೆಯ ಗಿರಾಕಿ ಹತ್ತು ಸಲ ಕಾಗದ ತಿರುಗಿಸಿ ನೋಡುತ್ತಾನೆ, ಬೆಲೆಯನ್ನೂ ಇಳಿಸುತ್ತಾನೆ.

ಸವಕಳಿಯ ಮೂರು ಲೆಕ್ಕ

ಸವಕಳಿ ಎಂದರೆ ಒಂದೇ ಲೆಕ್ಕ ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಮೂರು ಇವೆ.

ಮೊದಲನೆಯದು ಆದಾಯ ತೆರಿಗೆಯ ಲೆಕ್ಕ. ವ್ಯವಹಾರಕ್ಕಾಗಿ ಬಳಸುವ ಕಾರಿಗೆ ವರ್ಷಕ್ಕೆ 15% ಸವಕಳಿ, ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ. 1 ಕೋಟಿಯ ಕಾರು ಪುಸ್ತಕದಲ್ಲಿ ಒಂದು ವರ್ಷಕ್ಕೆ 85 ಲಕ್ಷ, ಮೂರು ವರ್ಷಕ್ಕೆ ಸುಮಾರು 61 ಲಕ್ಷ, ಐದು ವರ್ಷಕ್ಕೆ ಸುಮಾರು 44 ಲಕ್ಷ. ಹೋಟೆಲಿನ ಹೆಸರಿನಲ್ಲಿ ಕೊಂಡು ಮನೆಯವರು ಓಡಿಸಿದರೆ, ಸ್ವಂತ ಬಳಕೆಯ ಪಾಲನ್ನು ಅಧಿಕಾರಿ ತಳ್ಳಿಹಾಕಬಹುದು. ಸ್ವಂತ ಹೆಸರಿನಲ್ಲಿ ಸ್ವಂತಕ್ಕೆ ಇಟ್ಟುಕೊಂಡ ಕಾರಿಗೆ ಈ ಸವಕಳಿಯೇ ಇಲ್ಲ. ಮಾರಿ ನಷ್ಟವಾದರೆ ಅದನ್ನು ಬೇರೆ ಆದಾಯದಿಂದ ಕಳೆಯಲೂ ಬರುವುದಿಲ್ಲ.

ಎರಡನೆಯದು ವಿಮೆಯ ಲೆಕ್ಕ. ವಿಮೆಯಲ್ಲಿ ಐಡಿವಿ ಎಂದು ಬರೆಯುವ ಮೌಲ್ಯಕ್ಕೆ ಒಂದು ಪಟ್ಟಿ ಇದೆ. ಆರು ತಿಂಗಳೊಳಗೆ 5%, ಒಂದು ವರ್ಷದೊಳಗೆ 15%, ಎರಡು ವರ್ಷದೊಳಗೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50% ಇಳಿಕೆ. ಐದು ವರ್ಷ ದಾಟಿದ ಕಾರಿಗೂ, ಕಂಪನಿ ತಯಾರಿಕೆ ನಿಲ್ಲಿಸಿದ ಮಾದರಿಗೂ ಈ ಪಟ್ಟಿ ಅನ್ವಯಿಸುವುದಿಲ್ಲ. ವಿಮೆ ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಮೌಲ್ಯ ಗೊತ್ತುಮಾಡಬೇಕು. ಸೀಮಿತ ಸಂಖ್ಯೆಯ ಕಾರುಗಳು ಬೇಗನೆ ಈ ಗುಂಪಿಗೆ ಸೇರುತ್ತವೆ. ಆದ್ದರಿಂದ ಪ್ರತಿ ವರ್ಷ ವಿಮೆ ನವೀಕರಿಸುವಾಗ ಐಡಿವಿ ಎಷ್ಟೆಂದು ಓದಿಯೇ ಸಹಿ ಹಾಕಬೇಕು. ಪ್ರೀಮಿಯಂ ಉಳಿಸಲು ಅದನ್ನು ತಗ್ಗಿಸಿದರೆ, ಕಾರು ಕಳವಾದ ದಿನ ಸಿಗುವುದೂ ಅಷ್ಟೇ.

ಮೂರನೆಯದು ಮಾರುಕಟ್ಟೆಯ ಲೆಕ್ಕ. ಇದಕ್ಕೆ ಪಟ್ಟಿಯೂ ಇಲ್ಲ, ನಿಯಮವೂ ಇಲ್ಲ. ಎದುರಿಗೆ ನಿಂತ ಗಿರಾಕಿ ಕೊಡುವಷ್ಟೇ. ಸಾಮಾನ್ಯ ಕಾರಿಗೆ ನೂರು ಗಿರಾಕಿಗಳು ಸಿಗುತ್ತಾರೆ. ಇಂಥ ಕಾರಿಗೆ ಇಡೀ ಆಂಧ್ರದಲ್ಲಿ ನಾಲ್ವರು ಸಿಗಬಹುದು, ಅವರಿಗೆ ಅವಸರವಿರುವುದಿಲ್ಲ. ಅವಸರವಿರುವುದು ಮಾರುವವನಿಗೆ.

ಬೆಲೆಯೊಳಗೆ ಅಡಗಿದ ತೆರಿಗೆ

ಹೊರದೇಶದಿಂದ ಪೂರ್ಣವಾಗಿ ತಯಾರಾಗಿ ಬರುವ ದುಬಾರಿ ಕಾರಿನ ಬೆಲೆಯಲ್ಲಿ ಕಾರಿಗಿಂತ ತೆರಿಗೆಯ ಪಾಲೇ ದೊಡ್ಡದು. ನಮ್ಮ ಬಂದರಿಗೆ ಮುಟ್ಟುವಾಗ 1 ಕೋಟಿ ಮೌಲ್ಯದ ಕಾರು ಎಂದುಕೊಳ್ಳಿ. 110% ಆಮದು ಸುಂಕ ಸೇರಿದರೆ 2.10 ಕೋಟಿ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ 40% ಜಿಎಸ್‌ಟಿ ಸೇರಿದರೆ 2.94 ಕೋಟಿ. ಕರ್ನಾಟಕದಲ್ಲಿ ನೋಂದಾಯಿಸಿದರೆ 18% ಜೀವಾವಧಿ ತೆರಿಗೆ, ಆ ತೆರಿಗೆಯ ಮೇಲೆ 11% ಸೆಸ್. ಇದು ಸುಮಾರು 59 ಲಕ್ಷ. ಡೀಲರನ ಲಾಭ, ವಿಮೆ ಬಿಟ್ಟೇ ಮೂರೂವರೆ ಕೋಟಿ ದಾಟಿತು.

ಸುಂಕ ಇದೇ ಮಟ್ಟದಲ್ಲಿರುವವರೆಗೆ ಹಳೆಯ ಕಾರಿನ ಬೆಲೆಯಲ್ಲೂ ಅದರ ಪಾಲು ಒಂದಿಷ್ಟು ಉಳಿಯುತ್ತದೆ. ಹೊಸದು ಅಷ್ಟು ದುಬಾರಿ ಎಂಬ ಕಾರಣಕ್ಕೇ ಹಳೆಯದಕ್ಕೆ ಗಿರಾಕಿ. ಸುಂಕ ಇಳಿದರೆ? 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ, ನಿಗದಿತ ಸಂಖ್ಯೆಯ ಬ್ರಿಟಿಷ್ ಕಾರುಗಳ ಸುಂಕವನ್ನು ಹಂತ ಹಂತವಾಗಿ 10%ಕ್ಕೆ ಇಳಿಸುವ ಮಾತಿದೆ. ಮೆಕ್ಲಾರೆನ್, ಆಸ್ಟನ್ ಮಾರ್ಟಿನ್ ಮುಂತಾದವು ಬ್ರಿಟನ್ನಿನಲ್ಲಿ ತಯಾರಾಗುವ ಕಾರುಗಳು. ಹೊಸ ಕಾರು ಅಗ್ಗವಾದ ದಿನ, ಹಳೆಯ ಸುಂಕ ತೆತ್ತು ತಂದ ಕಾರಿನ ಬೆಲೆಯೂ ಜೊತೆಗೇ ಇಳಿಯುತ್ತದೆ. ಸಂಖ್ಯಾಫಲಕದಲ್ಲಿ ನೂರರಲ್ಲಿ ಒಂದು ಎಂದು ಬರೆದಿದ್ದರೂ ಅದು ತಡೆಯಲಾರದು.

ಗಡಿ ದಾಟಿದರೆ ಇನ್ನೊಂದು ತೆರಿಗೆ

ಆಂಧ್ರದಲ್ಲಿ ವಾಸವಿದ್ದು ಬೆಂಗಳೂರಿನಲ್ಲಿ ಮಕ್ಕಳಿರುವ ನಮ್ಮಂಥ ಹೊರನಾಡ ಕನ್ನಡಿಗರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಜೀವಾವಧಿ ತೆರಿಗೆ ಎಂಬ ಹೆಸರಿದ್ದರೂ ಅದು ಒಂದು ರಾಜ್ಯಕ್ಕೆ ಮಾತ್ರ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡ ವಾಹನಕ್ಕೆ ಅಲ್ಲಿ ಹೊಸ ನೋಂದಣಿ ಬೇಕು, ತೆರಿಗೆಯೂ ಬೇಕು. ಹಳೆಯ ರಾಜ್ಯದಲ್ಲಿ ಕಟ್ಟಿದ್ದರಲ್ಲಿ ಒಂದು ಪಾಲು ಅರ್ಜಿ ಹಾಕಿದರೆ ಮರಳಿ ಬರುತ್ತದೆ, ಆದರೆ ಹೊಸ ರಾಜ್ಯದ ತೆರಿಗೆಯನ್ನು ಮೊದಲೇ ಕಟ್ಟಬೇಕು.

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಹೊರರಾಜ್ಯದ ನೋಂದಣಿಯ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದೇ ಫೆರಾರಿಯಿಂದ ತೆರಿಗೆ ಮತ್ತು ದಂಡ ಸೇರಿ 1.41 ಕೋಟಿ ರೂಪಾಯಿ ವಸೂಲಾಯಿತು. ವಿಶಾಖಪಟ್ಟಣದ ಕಾರನ್ನು ಬೆಂಗಳೂರಿನ ಗಿರಾಕಿ ನೋಡುವಾಗ ಈ ತೆರಿಗೆಯನ್ನು ಮನಸ್ಸಿನಲ್ಲೇ ಕಳೆದು ಬೆಲೆ ಹೇಳುತ್ತಾನೆ. ಅದು ಮಾರುವವನ ಜೇಬಿನಿಂದಲೇ ಹೋಗುವ ಹಣ.

ಸಾಲದ ಲೆಕ್ಕ

60 ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು, ಕೈಯಿಂದ 10 ಲಕ್ಷ, ಸಾಲ 50 ಲಕ್ಷ, 9% ಬಡ್ಡಿ, ಏಳು ವರ್ಷ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 80,450 ರೂಪಾಯಿ. ಮೂರು ವರ್ಷದಲ್ಲಿ ಸುಮಾರು 29 ಲಕ್ಷ ಕಟ್ಟಿದ ಮೇಲೂ ಬಾಕಿ 32 ಲಕ್ಷಕ್ಕೂ ಮೇಲಿರುತ್ತದೆ. ಅಷ್ಟರಲ್ಲಿ ಕಾರು ಅರ್ಧ ಬೆಲೆಗೆ, ಅಂದರೆ 30 ಲಕ್ಷಕ್ಕೆ ಮಾರಾಟವಾದರೆ, ಕೈಯಿಂದಲೇ ಇನ್ನೂ ಎರಡು ಲಕ್ಷಕ್ಕೂ ಹೆಚ್ಚು ಹಾಕಿ ಸಾಲ ತೀರಿಸಬೇಕು. ಒಟ್ಟು ಖರ್ಚು ಸುಮಾರು 41 ಲಕ್ಷ; ತಿಂಗಳಿಗೆ 1 ಲಕ್ಷ 15 ಸಾವಿರ. ವಿಮೆ, ಟೈರು, ಸರ್ವಿಸ್ ಇದರಲ್ಲಿ ಸೇರಿಲ್ಲ. ಈ ಹಣ ಕಾರಿನ ಸುಖಕ್ಕೆ ತೆತ್ತ ಬಾಡಿಗೆ ಎಂದು ಮನೆಯವರೆಲ್ಲ ಒಪ್ಪಿ, ಅಂಗಡಿಯ ಕಾಗದ ಬ್ಯಾಂಕಿಗೆ ಹೋಗದೆ ನಡೆಯುವುದಾದರೆ ಯಾರ ಆಕ್ಷೇಪವೂ ಇಲ್ಲ.

ಕೊಳ್ಳುವ ಮೊದಲು

ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರನ್ನು ಕಾರಿನ ಮೇಲೆ ಕೊರೆದದ್ದರೊಂದಿಗೆ ತಾಳೆ ನೋಡಿ. ಹಳೆಯ ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35 ಇರಲೇಬೇಕು. ಆಮದಾದ ಕಾರಿಗೆ ಸುಂಕ ಕಟ್ಟಿದ ಕಾಗದ ಕೇಳಿ. ಮಾರಿದ ಮೇಲೆ ಹೆಸರು ಬದಲಾವಣೆಯನ್ನು ಗಿರಾಕಿಗೆ ಬಿಟ್ಟು ಸುಮ್ಮನಿರಬೇಡಿ. 2021ರಲ್ಲಿ ಬೆಂಗಳೂರಿನಲ್ಲಿ ವಶವಾದ ಕಾರುಗಳಲ್ಲಿ ಒಂದು ರೋಲ್ಸ್ ರಾಯ್ಸ್, ಮಾರಿ ಎರಡು ವರ್ಷವಾಗಿದ್ದರೂ ಹಿಂದಿನ ಮಾಲೀಕರಾದ ಪ್ರಸಿದ್ಧ ಚಿತ್ರನಟರ ಹೆಸರಿನಲ್ಲೇ ಇತ್ತು. ಕಡಲತೀರದ ಊರಿನವರು ಕಾರಿನ ತಳಭಾಗವನ್ನೂ ಎತ್ತಿಸಿ ನೋಡಬೇಕು, ಉಪ್ಪುಗಾಳಿಗೆ ಕಬ್ಬಿಣದ ಬೆಲೆ ಗೊತ್ತಿಲ್ಲ. ಬಿಡಿಭಾಗ ಎಲ್ಲಿಂದ ಬರುತ್ತದೆ, ಎಷ್ಟು ತಿಂಗಳಿಗೆ ಬರುತ್ತದೆ ಎಂಬುದನ್ನೂ ಕೇಳಿ ತಿಳಿಯಿರಿ.

ಕೊನೆಯದಾಗಿ ಒಂದು ಸುಲಭ ಉಪಾಯ. ಮುಂಗಡ ಕೊಡುವ ಮೊದಲು ಬೇರೆ ಇಬ್ಬರು ಡೀಲರುಗಳಿಗೆ ಫೋನು ಮಾಡಿ, "ಇದೇ ಮಾದರಿ, ಇದೇ ವರ್ಷದ ಕಾರು ನನ್ನ ಹತ್ತಿರ ಇದೆ, ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿ. ಅವರು ಹೇಳುವ ಬೆಲೆಗೂ ನೀವು ಕೊಡಲಿರುವ ಬೆಲೆಗೂ ಇರುವ ವ್ಯತ್ಯಾಸವೇ ಮೊದಲ ದಿನದ ಸವಕಳಿ. ಅದನ್ನು ಕೇಳಿದ ಮೇಲೂ ಮನಸ್ಸು ಗಟ್ಟಿಯಾಗಿದ್ದರೆ ಕೊಳ್ಳಿ.