ಯಂತ್ರದ ನೆನಪಿನಲ್ಲಿ ಊರದಾರಿ

ಕಲಬುರಗಿಯ ಬ್ರಹ್ಮಪುರಕ್ಕೆ ಮೊದಲ ಸಲ ಬರುವ ನೆಂಟನು ಹಿಂದೆಲ್ಲ ದಾರಿಯನ್ನು ಕೇಳುತ್ತಲೇ ಬರಬೇಕಾಗಿತ್ತು. ಓಣಿಯ ತಿರುವಿನಲ್ಲಿ ಕುಳಿತ ಹಿರಿಯರೊಬ್ಬರು ಯಾವ ಊರು, ಯಾರ ಮನೆಗೆ ಎಂಬುದನ್ನೆಲ್ಲ ವಿಚಾರಿಸಿಕೊಂಡ ಮೇಲೆಯೇ ಕೈ ಎತ್ತಿ ದಿಕ್ಕು ತೋರಿಸುತ್ತಿದ್ದರು. ಈಗ ನೆಂಟನ ಕಿಸೆಯಲ್ಲಿರುವ ಫೋನು ಆ ಕೆಲಸವನ್ನು ವಹಿಸಿಕೊಂಡಿದೆ. ಅದು ಊರು ಕೇರಿ ವಿಚಾರಿಸುವುದಿಲ್ಲವೆಂಬುದು ಅನುಕೂಲವೋ ನಷ್ಟವೋ, ಹೇಳುವುದು ಕಷ್ಟ.

ಸ್ವಂತ ಮನೆ, ವೈದ್ಯರ ಮನೆ, ಕಮಲಾಪುರದ ಕಡೆ ಕೆಂಪು ಬಾಳೆಯ ತೋಟಕ್ಕೆ ಹೊರಳುವ ಕಾಲುದಾರಿ, ಇಂಥ ಸ್ಥಳಗಳನ್ನು ನಕ್ಷೆಯಲ್ಲಿ ಒಮ್ಮೆ ಗುರುತಿಟ್ಟುಕೊಂಡರೆ ಅವಕ್ಕೆ 'ವೇಪಾಯಿಂಟ್' ಎಂದು ಹೆಸರು. ದಾರಿಗುರುತು ಎಂದರೂ ಸಲ್ಲುತ್ತದೆ. ಬಗೆದು ನೋಡಿದರೆ ಅದು ಎರಡು ಸಂಖ್ಯೆಗಳ ಜೋಡಿಯಷ್ಟೆ: ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ, ಜೊತೆಗೊಂದು ಹೆಸರು. ೨೦೦೨ರಲ್ಲಿ ರೂಪುಗೊಂಡ 'ಜಿ.ಪಿ.ಎಕ್ಸ್.' ಎಂಬ ಮಾದರಿಯ ಕಡತದಲ್ಲಿ ಇಂಥ ನೂರಾರು ಜೋಡಿಗಳನ್ನು ಕೂಡಿಡಬಹುದು. ಒಂದು ಯಂತ್ರದಲ್ಲಿ ಕೂಡಿಟ್ಟದ್ದನ್ನು ಇನ್ನೊಂದು ಯಂತ್ರವೂ ಓದಬಲ್ಲದು.

ಆದರೆ ಪ್ರತಿಸಲವೂ ಕಡತವನ್ನು ಹುಡುಕಿ ತೆರೆಯುವ ತಾಳ್ಮೆ ಯಾರಿಗಿದೆ? ಆದ್ದರಿಂದ ಅನೇಕ ನಕ್ಷೆಯ ತಂತ್ರಾಂಶಗಳಲ್ಲಿ ಒಂದು ಏರ್ಪಾಡು ಉಂಟು. ಗೊತ್ತಾದ ಜಾಗದಲ್ಲಿ ಕಡತವನ್ನಿಟ್ಟರೆ, ತಂತ್ರಾಂಶವು ಎಚ್ಚರಗೊಂಡೊಡನೆ ತಾನಾಗಿಯೇ ಅದನ್ನೋದಿ ಗುರುತುಗಳನ್ನೆಲ್ಲ ನಕ್ಷೆಯ ಮೇಲೆ ಹರಡುತ್ತದೆ. ಸುಖವಾದ ವ್ಯವಸ್ಥೆಯೇ ಸರಿ. ತಾನಾಗಿ ಬಂದುದನ್ನು ಯಾರೂ ಪರೀಕ್ಷಿಸುವುದಿಲ್ಲವೆಂಬುದೇ ಅದರ ತೊಡಕು.

ಈ ತೊಡಕು ಎಂಥ ಅನಾಹುತಕ್ಕೆ ಎಡೆಮಾಡಬಲ್ಲದೆಂಬುದನ್ನು ವಿಮಾನಗಳ ಇತಿಹಾಸ ಹೇಳುತ್ತದೆ. ೧೯೭೯ರ ನವೆಂಬರ್ ೨೮ರಂದು ನ್ಯೂಜಿಲೆಂಡಿನ ವಿಮಾನವೊಂದು ಅಂಟಾರ್ಕ್ಟಿಕಾದ ಹಿಮರಾಶಿಯನ್ನು ಪ್ರವಾಸಿಗಳಿಗೆ ತೋರಿಸಲು ಹೊರಟಿತು. ಆ ಪಥದ ಕೊನೆಯ ಗುರುತು ಕಚೇರಿಯ ಗಣಕಯಂತ್ರದಲ್ಲಿ ಬಹುಕಾಲದಿಂದ ತಪ್ಪಾಗಿ ದಾಖಲಾಗಿತ್ತು. ವಿಮಾನಿಗಳಿಗೆ ಮುಂಚಿತವಾಗಿ ತೋರಿಸಿದ್ದುದೂ ಸಮುದ್ರದ ಮೇಲೆ ಸಾಗುವ ಆ ತಪ್ಪು ಪಥವನ್ನೇ. ಹೊರಡುವ ಮುನ್ನ ರಾತ್ರೋರಾತ್ರಿ ಆ ಗುರುತನ್ನು ಸುಮಾರು ೨೭ ನಾಟಿಕಲ್ ಮೈಲಿಯಷ್ಟು ಸರಿಸಿ ತಿದ್ದಲಾಯಿತು. ತಿದ್ದಿದ್ದು ಸರಿಯೇ, ತಿದ್ದಿದ ಸಂಗತಿಯನ್ನು ವಿಮಾನಿಗಳಿಗೆ ಯಾರೂ ತಿಳಿಸಲಿಲ್ಲ. ಹೊಸ ಪಥವು ಎರೆಬಸ್ ಪರ್ವತದ ಮೇಲೆಯೇ ಹಾದುಹೋಗುತ್ತಿತ್ತು. ಬಿಳಿಯ ಹಿಮ, ಬಿಳಿಯ ಮೋಡ. ಎದುರಿಗೆ ಪರ್ವತವಿದೆಯೆಂದು ಕಣ್ಣಿಗೆ ಕಾಣಲಿಲ್ಲ. ಅದರಲ್ಲಿದ್ದ ೨೫೭ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

೧೯೯೫ರ ಡಿಸೆಂಬರಿನಲ್ಲಿ ಕೊಲಂಬಿಯಾದ ಕಾಲಿ ನಗರದ ಬಳಿ ಇನ್ನೊಂದು ದುರಂತ ನಡೆಯಿತು. ವಿಮಾನಿಗೆ ಬೇಕಾಗಿದ್ದುದು 'ರೋಸೊ' ಎಂಬ ಗುರುತು. 'ಆರ್' ಅಕ್ಷರವನ್ನೊತ್ತಿದಾಗ ಯಂತ್ರವು ತನ್ನ ಭಂಡಾರದಿಂದ ಮೊದಲಿಗೆ ತೆಗೆದುಕೊಟ್ಟುದು ದೂರದ ಬೊಗೊಟಾ ಬಳಿಯ 'ರೋಮಿಯೊ' ಎಂಬುದನ್ನು. ವಿಮಾನವು ಇರುಳಿನಲ್ಲಿ ಆಜ್ಞೆಯಂತೆ ಬೆಟ್ಟಗಳ ಕಡೆಗೆ ತಿರುಗಿತು. ೧೫೯ ಜನ ಮಡಿದರು; ನಾಲ್ವರು ಬದುಕಿದರು. ಹೆಸರಿಡುವಾಗ 'ಮನೆ ೧', 'ಮನೆ ೨' ಎಂದು ಗುರುತಿಟ್ಟು ಆಮೇಲೆ ತಲೆ ಕೆರೆದುಕೊಳ್ಳುವವರು ಇದನ್ನು ನೆನೆಯುವುದು ಒಳ್ಳೆಯದು.

ಇಂದು ವಿಮಾನಗಳ ಗುರುತಿನ ಭಂಡಾರವನ್ನು ೨೮ ದಿನಗಳಿಗೊಮ್ಮೆ ಹೊಸದಾಗಿಸುವ ಪದ್ಧತಿ ಜಗತ್ತಿನಾದ್ಯಂತ ನಡೆದುಕೊಂಡು ಬಂದಿದೆ. ೨೦೧೯ರ ನವೆಂಬರ್ ೨೨ರಂದು ಶ್ರೀನಿವಾಸ ಸರಡಗಿಯಲ್ಲಿ ತೆರೆದ ಕಲಬುರಗಿಯ ವಿಮಾನ ನಿಲ್ದಾಣವೂ ಈ ಲೆಕ್ಕಕ್ಕೆ ಸೇರಿದುದೇ.

ಫೋನಿನ ಗುರುತು ತಪ್ಪಿದರೆ ಪರ್ವತವೇನೂ ಎದುರಾಗದು, ನಿಜ. ಆದರೆ ನಡುರಾತ್ರಿಯಲ್ಲಿ ಆಂಬುಲೆನ್ಸು ಬೇರೆ ಓಣಿಗೆ ಹೋಗಿ ನಿಂತರೆ ಮನೆಯಲ್ಲಿ ರೋಗಿಯ ಬಳಿ ಕುಳಿತವರಿಗೆ ಅದು ಸಣ್ಣ ವಿಷಯವಲ್ಲ.

ಇಂಥ ತಪ್ಪಿಗೆ ಒಂದು ಕಾರಣ ಈ ನಾಡಿನ ಹಳೆಯ ಚರಿತ್ರೆಯಲ್ಲೇ ಇದೆ. ವಿಲಿಯಂ ಲ್ಯಾಂಬ್ಟನ್ ೧೮೦೨ರಲ್ಲಿ ಮದರಾಸಿನಲ್ಲಿ ಆಧಾರರೇಖೆಯನ್ನಳೆದು ಆರಂಭಿಸಿದ ಮಹಾ ಮೋಜಣಿಯು ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ೧೮೧೫ರಲ್ಲಿ ಬೀದರಿನ ಸಮೀಪದ ದಾಮರಗಿದ್ದಕ್ಕೆ ಬಂತು. ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಹೊತ್ತು ಬೆಟ್ಟ ಗೋಪುರಗಳನ್ನು ಹತ್ತಿ ನೆಟ್ಟ ಗುರುತುಗಳೇ ಅಂದಿನ ವೇಪಾಯಿಂಟುಗಳು. ಅವನ ತರುವಾಯ ಜಾರ್ಜ್ ಎವರೆಸ್ಟ್ ಆ ಅಳತೆಗಳಿಂದ ಭೂಮಿಯ ಆಕಾರವನ್ನು ಲೆಕ್ಕಹಾಕಿದನು. ಭಾರತದ ಹಳೆಯ ನಕ್ಷೆಗಳೆಲ್ಲ ಆ ಆಕಾರದ ಮೇಲೆ ನಿಂತವು. ಜಿ.ಪಿ.ಎಸ್. ಉಪಗ್ರಹಗಳು ನಂಬುವುದು 'ಡಬ್ಲ್ಯು.ಜಿ.ಎಸ್. ೮೪' ಎಂಬ ಬೇರೆ ಆಕಾರವನ್ನು. ಹಳೆಯ ನಕ್ಷೆಯಿಂದ ಸಂಖ್ಯೆಗಳನ್ನು ಹಾಗೆಯೇ ನಕಲುಮಾಡಿ ಫೋನಿಗಿಳಿಸಿದರೆ ಕಲಬುರಗಿಯ ಆಸುಪಾಸಿನಲ್ಲಿ ಗುರುತು ನೂರು ಮೀಟರಿಗೂ ಹೆಚ್ಚು ಜರುಗುತ್ತದೆ. ಬಯಲಿನಲ್ಲಿ ಅದು ಗಮನಕ್ಕೆ ಬಾರದು. ಬ್ರಹ್ಮಪುರದಲ್ಲಾದರೆ ನೂರು ಮೀಟರಿಗೆ ಓಣಿಯೇ ಬೇರೆ.

ಬರೆಯುವ ರೀತಿಯಿಂದಲೂ ಮೋಸವಾಗುವುದುಂಟು. ಕಲಬುರಗಿಯ ಅಕ್ಷಾಂಶ ೧೭.೩೩ ಡಿಗ್ರಿ. ಬಿಂದುವಿನ ಮುಂದಿನ ೩೩ನ್ನು ಮಿನಿಟುಗಳೆಂದು ಓದಿಕೊಂಡರೆ ಊರು ಬಡಗಣಕ್ಕೆ ಸುಮಾರು ೨೪ ಕಿಲೋಮೀಟರು ಸರಿದಂತಾಯಿತು!

ಬಲ್ಲವರು ಅನುಸರಿಸುವ ಪರೀಕ್ಷೆ ಸುಲಭವಾದುದು. ಕೂಡಿಟ್ಟ ಕಡತದಲ್ಲಿ ಮನೆಯ ಹೊಸ್ತಿಲನ್ನೂ ಒಂದು ಗುರುತಾಗಿ ಸೇರಿಸಿಡುತ್ತಾರೆ. ಪ್ರಯಾಣಕ್ಕೆ ಹೊರಡುವ ಮುನ್ನ ಗುರುತುಗಳು ನಕ್ಷೆಯ ಮೇಲೆ ಮೂಡಿದೊಡನೆ ಹೊಸ್ತಿಲಲ್ಲಿ ನಿಂತು ನೋಡುತ್ತಾರೆ. ಗೋಡೆಗಳು ಒತ್ತಾಗಿರುವ ಓಣಿಯಲ್ಲಿ ಉಪಗ್ರಹದ ಸಂಕೇತ ಪುಟಿದು ಹತ್ತಿಪ್ಪತ್ತು ಹೆಜ್ಜೆ ಆಚೀಚೆಯಾದರೆ ಚಿಂತೆಯಿಲ್ಲ. ಹೊಸ್ತಿಲು ಪಕ್ಕದ ಬೀದಿಯಲ್ಲಿ ಕಂಡರೆ ಮಾತ್ರ, ಕಮಲಾಪುರದ ತೋಟದ ಹಾದಿಯನ್ನು ಆ ಕಡತದಿಂದ ಕೇಳದೆ, ಓಣಿಯ ತಿರುವಿನ ಹಿರಿಯರನ್ನೇ ಕೇಳಿಕೊಂಡು ಹೊರಡುತ್ತಾರೆ.