ನಿದ್ದೆಯಲ್ಲಿ ನೆತ್ತಿಗೆ ಹತ್ತದಂತೆ

ಊಟದ ನಡುವೆ ನಗಲು ಹೋಗಿ ನೆತ್ತಿಗೆ ಹತ್ತಿದರೆ ಜೋರು ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರಾಡುತ್ತದೆ, ಪಕ್ಕದವರು ತಲೆ ತಟ್ಟುತ್ತಾರೆ. ಅಲ್ಲಿಗೆ ಮುಗಿಯಿತು. ಗಂಟಲಿನ ತಳದಲ್ಲಿ ಶ್ವಾಸನಾಳದ ಬಾಯಿ ಮುಂದೆ, ಅನ್ನನಾಳದ ಬಾಯಿ ಹಿಂದೆ, ಎರಡೂ ಒತ್ತೊತ್ತಿಗೇ ಇವೆ. ದಾರಿ ತಪ್ಪಿದ ಅಗುಳನ್ನು ಹೊರಗಟ್ಟುವುದು ಕೆಮ್ಮಿನ ಕೆಲಸ. ಪೂರ್ಣ ಅರಿವಳಿಕೆಯಲ್ಲಿ ಈ ಕಾವಲೇ ಇರುವುದಿಲ್ಲ. ನಾಲಿಗೆ ಹಿಂದಕ್ಕೆ ಜಾರಿ ಗಾಳಿಯ ದಾರಿ ಮುಚ್ಚುತ್ತದೆ. ಜಠರದ ಹುಳಿ ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದು ಏನೂ ಇಲ್ಲ.

ಬಹುಕಾಲ ಅರಿವಳಿಕೆ ತಜ್ಞರ ಮುಂದಿದ್ದ ಮುಖ್ಯ ದಾರಿಗಳು ಎರಡು. ಮುಖದ ಮೇಲೆ ಮಾಸ್ಕ್ ಒತ್ತಿ, ಗದ್ದ ಎತ್ತಿ ಹಿಡಿದು ಕೂರುವುದು ಒಂದು; ಆಪರೇಷನ್ ಮುಗಿಯುವವರೆಗೂ ಕೈ ಬಿಡುವಂತಿಲ್ಲ. ಲ್ಯಾರಿಂಗೋಸ್ಕೋಪಿನಿಂದ ನಾಲಿಗೆ ಎತ್ತಿ, ಧ್ವನಿತಂತುಗಳ ನಡುವೆ ಟ್ಯೂಬ್ ಇಳಿಸುವುದು ಇನ್ನೊಂದು. ಟ್ಯೂಬ್ ಭದ್ರ ನಿಜ, ಆದರೆ ಅರ್ಧ ಗಂಟೆಯ ಹರ್ನಿಯಾ ಆಪರೇಷನ್ನಿಗೂ ಅಷ್ಟು ದೂರ ಹೋಗಬೇಕೇ?

1981ರಲ್ಲಿ ಲಂಡನ್ನಿನ ವೈದ್ಯ ಆರ್ಚಿ ಬ್ರೈನ್ ಇವೆರಡರ ನಡುವಿನ ದಾರಿ ಹುಡುಕಿದರು. ಹಲ್ಲಿನ ಚಿಕಿತ್ಸೆಯಲ್ಲಿ ಮೂಗಿನ ಮೇಲೆ ಇಡುತ್ತಿದ್ದ ಗೋಲ್ಡ್‌ಮನ್ ಮಾಸ್ಕಿನ ಗಾಳಿ ತುಂಬುವ ಅಂಚು ಅವರ ಗಮನ ಸೆಳೆದಿತ್ತು. ಮೃತದೇಹಗಳ ಗಂಟಲಿನ ಅಚ್ಚು ತೆಗೆದು ಆಕಾರವನ್ನು ಅಭ್ಯಾಸ ಮಾಡಿದರು. ಮುಖದ ಮೇಲಿನ ಮಾಸ್ಕನ್ನು ಗಂಟಲೊಳಗೇ ಇಳಿಸಿ ಧ್ವನಿಪೆಟ್ಟಿಗೆಯ ಸುತ್ತ ಕೂರಿಸಿದರೆ ಹೇಗೆ ಎಂಬುದು ಯೋಚನೆ. 1983ರಲ್ಲಿ ಇದರ ಲೇಖನ ಪ್ರಕಟವಾಯಿತು, 1988ರಲ್ಲಿ ಸಾಧನ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಆಪರೇಷನ್ ಥಿಯೇಟರಿನಲ್ಲಿ ಎಲ್ಲರ ಬಾಯಲ್ಲೂ ಅದು ಎಲ್‌ಎಂಎ. ಹೊತ್ತು ಕೂಡಿ ಬಂದಿತ್ತು ಎನ್ನಬೇಕು: ಗಂಟಲನ್ನು ಚೆನ್ನಾಗಿ ಸಡಿಲಗೊಳಿಸುವ ಪ್ರೊಪೊಫಾಲ್ ಔಷಧ ಅದಕ್ಕೆ ಎರಡು ವರ್ಷ ಮೊದಲಷ್ಟೇ ಅಲ್ಲಿ ಬಳಕೆಗೆ ಬಂದಿತ್ತು.

ಈ ಮೊದಲ ಪೀಳಿಗೆಯ ಮಾಸ್ಕಿನಲ್ಲಿ ಇದ್ದದ್ದು ಗಾಳಿಗೆ ಒಂದೇ ಕೊಳವೆ. ಹೊಟ್ಟೆಯಿಂದ ಏನಾದರೂ ಮೇಲೆ ಬಂದರೆ ಅದು ಮಾಸ್ಕಿನೊಳಕ್ಕೇ ನುಗ್ಗಬಹುದಿತ್ತು. 2000ದಲ್ಲಿ ಬ್ರೈನ್ ಅವರದೇ ಪ್ರೊಸೀಲ್ ಎರಡನೆಯ ಕೊಳವೆಯೊಂದಿಗೆ ಬಂತು. ಅದರ ತುದಿ ಅನ್ನನಾಳದ ಬಾಯಲ್ಲಿ ಕೂರುತ್ತದೆ. ಮೇಲೆ ಬಂದದ್ದು ಶ್ವಾಸನಾಳದ ತಂಟೆಗೆ ಹೋಗದೆ ಆ ಕೊಳವೆಯಿಂದಲೇ ಹೊರಬೀಳಬೇಕು ಎಂಬುದು ಲೆಕ್ಕಾಚಾರ. 2007ರಲ್ಲಿ ಬಂದ ಐ-ಜೆಲ್‌ನಲ್ಲೂ ಇಂಥ ದಾರಿಯಿದೆ, ಆದರೆ ಗಾಳಿ ತುಂಬುವ ಅಂಚಿಲ್ಲ. ಮೆತ್ತನೆಯ ಪ್ಲಾಸ್ಟಿಕ್ ಅಂಚನ್ನೇ ಗಂಟಲಿನ ಆಕಾರಕ್ಕೆ ಎರಕ ಹೊಯ್ದಿದ್ದಾರೆ. ಗಾಳಿ ತುಂಬುವ ಅಂಚಿಗೆ ತನ್ನದೇ ತಾಪತ್ರಯವಿದೆ. ಅದರ ಒತ್ತಡ 60 ಸೆಂಟಿಮೀಟರ್ ನೀರಿನ ಮಟ್ಟ ದಾಟಬಾರದು. ದಾಟಿದರೆ ಗಂಟಲು ನೋವು, ಅಪರೂಪಕ್ಕೆ ನಾಲಿಗೆಯ ನರಕ್ಕೂ ಪೆಟ್ಟು. ನೈಟ್ರಸ್ ಆಕ್ಸೈಡ್ ಬಳಸುವಾಗ ಆ ಅನಿಲ ಸಿಲಿಕೋನ್ ಅಂಚಿನೊಳಕ್ಕೆ ನುಸುಳಿ, ಯಾರೂ ಮುಟ್ಟದಿದ್ದರೂ ಒತ್ತಡ ಏರುತ್ತಾ ಹೋಗುತ್ತದೆ.

ಪ್ರೊಸೀಲ್ ಸರಿಯಾಗಿ ಕೂತಿದೆಯೇ ಎಂದು ನೋಡುವ ವಿಧಾನವೊಂದು ಬಹಳ ಸರಳ. ಎರಡನೆಯ ಕೊಳವೆಯ ಹೊರಬಾಯಿಗೆ ಒಂದಿಷ್ಟು ಜೆಲ್ಲಿ ಸವರಿ, ಕತ್ತಿನ ಬುಡದ ಕುಳಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ತುದಿ ಸರಿಯಾದ ಜಾಗದಲ್ಲಿದ್ದರೆ ಒತ್ತಿದಾಗಲೆಲ್ಲ ಜೆಲ್ಲಿ ಮಿಸುಕುತ್ತದೆ. ಉಸಿರು ತುಂಬಿದಾಗ ಜೆಲ್ಲಿ ಗುಳ್ಳೆಯಾಗಿ ಸಿಡಿದರೆ ಗಾಳಿ ತಪ್ಪು ದಾರಿಯಲ್ಲಿ ಸೋರುತ್ತಿದೆ ಎಂದರ್ಥ. ತೆಗೆದು ಮತ್ತೆ ಕೂರಿಸಬೇಕು.

ಹಾಗಾದರೆ ಯಾವುದು ಮೇಲು? ಈ ಪ್ರಶ್ನೆ ಹಿಡಿದು ನಡೆದ ಅಧ್ಯಯನಗಳಿಗೆ ಲೆಕ್ಕವಿಲ್ಲ. ಅರವತ್ತೋ ನೂರೋ ರೋಗಿಗಳನ್ನು ಎರಡು ಗುಂಪು ಮಾಡಿ, ಸಾಧನ ಕೂರಿಸಲು ಎಷ್ಟು ಸೆಕೆಂಡ್ ಹಿಡಿಯಿತು, ಮೊದಲ ಯತ್ನಕ್ಕೇ ಕೂತಿತೇ, ಎಷ್ಟು ಒತ್ತಡಕ್ಕೆ ಗಾಳಿ ಸೋರಿತು, ಮರುದಿನ ಗಂಟಲು ನೋಯಿತೇ ಎಂದು ಬರೆದಿಡುವುದು ವಾಡಿಕೆ. ಸೋರಿಕೆಯ ಅಳತೆಯಲ್ಲಿ ಹಳೆಯ ಮಾಸ್ಕ್ ಸುಮಾರು 20 ಸೆಂಟಿಮೀಟರ್ ನೀರಿನ ಒತ್ತಡ ತಡೆದರೆ ಪ್ರೊಸೀಲ್ 30ರ ಆಸುಪಾಸು ತಡೆಯುತ್ತದೆ. ಇದು ಉಪಯೋಗದ ಸಂಗತಿಯೇ; ದಪ್ಪ ಮೈಯವರ ಎದೆಗೆ ಗಾಳಿ ತುಂಬಲು ಹೆಚ್ಚು ಒತ್ತಡ ಬೇಕು. ಆದರೆ ಹನ್ನೆರಡು ಸೆಕೆಂಡಿಗೂ ಹದಿನೆಂಟು ಸೆಕೆಂಡಿಗೂ ಇರುವ ಅಂತರದಿಂದ, ಮೊದಲೇ ಆಮ್ಲಜನಕ ತುಂಬಿಸಿಕೊಂಡು ಮಲಗಿದ ಆರೋಗ್ಯವಂತನಿಗೆ ಆಗುವ ಲಾಭ ನನಗಂತೂ ಕಾಣದು.

ನಾವು ನಿಜಕ್ಕೂ ಹೆದರುವುದು ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶ ಸೇರುವುದಕ್ಕೆ. 1995ರಲ್ಲಿ ಅದುವರೆಗಿನ ವರದಿಗಳನ್ನು ಒಟ್ಟು ಹಾಕಿ ನೋಡಿದಾಗ ಎಲ್‌ಎಂಎ ಬಳಕೆಯಲ್ಲಿ ಇದು 10,000ಕ್ಕೆ ಸುಮಾರು 2 ಸಲ ಕಂಡಿತ್ತು. ನೂರು ಜನರ ಅಧ್ಯಯನದಲ್ಲಿ ಇಂಥದ್ದೊಂದು ಕಣ್ಣಿಗೆ ಬೀಳುವುದೇ ಅಪರೂಪ. ಹೊಸ ಸಾಧನ ಅದನ್ನು ಅರ್ಧಕ್ಕೆ ಇಳಿಸಿತು ಎಂದು ಸಾಬೀತು ಮಾಡಲು ಲಕ್ಷಗಟ್ಟಲೆ ರೋಗಿಗಳು ಬೇಕು. ಹೀಗಾಗಿ ಸುಲಭವಾಗಿ ಅಳೆಯಬಹುದಾದದ್ದನ್ನೇ ಅಳೆಯುತ್ತಾ ಬಂದಿದ್ದೇವೆ.

ಇಡೀ ದೇಶದ ಅವಘಡಗಳನ್ನು ಒಂದು ವರ್ಷ ಕಲೆಹಾಕಿದ್ದು ಬ್ರಿಟನ್. ಎನ್‌ಎಪಿ-4 ಎಂದು ಹೆಸರಾದ ಆ ವರದಿ 2011ರಲ್ಲಿ ಬಂತು. ಅಲ್ಲಿ ಪೂರ್ಣ ಅರಿವಳಿಕೆಯ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಇಂಥ ಸಾಧನಗಳೇ ಬಳಕೆಯಲ್ಲಿದ್ದವು. ಅರಿವಳಿಕೆಯ ವೇಳೆ ಉಸಿರಿನ ದಾರಿ ಕೆಟ್ಟು ಸಂಭವಿಸಿದ ಸಾವುಗಳಿಗೆ ಅತಿ ದೊಡ್ಡ ಕಾರಣ ಹೊಟ್ಟೆಯದ್ದು ಶ್ವಾಸಕೋಶಕ್ಕೆ ಇಳಿದದ್ದು. ಕೆಲವು ಪ್ರಕರಣಗಳಲ್ಲಿ ಟ್ಯೂಬ್ ಹಾಕಬೇಕಿದ್ದವರಿಗೆ ಮಾಸ್ಕ್ ಹಾಕಿದ್ದರು; ಸಾಧನ ಕೆಟ್ಟದ್ದು ಎನ್ನುವುದಕ್ಕಿಂತ ಆಯ್ಕೆ ತಪ್ಪಿತ್ತು ಎನ್ನಬೇಕು. ಎರಡನೆಯ ಪೀಳಿಗೆಯವು ಆಸ್ಪತ್ರೆಗಳಲ್ಲಿ ಕೈಗೆಟುಕುವಂತಿರಲಿ ಎಂದು ವರದಿ ಹೇಳಿತು. ಟ್ಯೂಬ್ ಹಾಕಲಾಗದೆ ಸಿಕ್ಕಿಬಿದ್ದಾಗ ಇವುಗಳನ್ನೇ ಮೊದಲು ನೋಡಿ ಎಂದು ನಮ್ಮ ದೇಶದ ತಜ್ಞರ ಸಂಘವೂ 2016ರ ಮಾರ್ಗಸೂಚಿಯಲ್ಲಿ ಬರೆದಿದೆ.

ಆದರೂ ಯಾವ ಮಾಸ್ಕೂ ಟ್ಯೂಬಿನಷ್ಟು ಬಿಗಿಯಾಗಿ ಶ್ವಾಸನಾಳವನ್ನು ಕಾಯುವುದಿಲ್ಲ. ತುಂಬು ಗರ್ಭಿಣಿ, ಕರುಳು ಕಟ್ಟಿದವರು, ಅಪಘಾತವಾಗಿ ನೇರ ಬಂದವರು, ಎದೆಯುರಿ ಹುಳಿತೇಗು ಜೋರಾಗಿರುವವರು, ಇವರಿಗೆಲ್ಲ ಸಾಮಾನ್ಯವಾಗಿ ಟ್ಯೂಬೇ. ಉಪವಾಸದ ವಿಚಾರಣೆಯೂ ಇದಕ್ಕಾಗಿಯೇ. ಬರೀ ನೀರಾದರೆ ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಹಾಲು ಹಾಕಿದ ಕಾಫಿ ಮಾತ್ರ ತಿಂಡಿಯ ಲೆಕ್ಕ, ಆರು ಗಂಟೆ ಕಾಯಬೇಕು. "ಏನೂ ತಿಂದಿಲ್ಲ ಡಾಕ್ಟ್ರೇ, ಬೆಳಿಗ್ಗೆ ಒಂದು ಲೋಟ ಕಾಫಿ ಅಷ್ಟೆ" ಎಂದವರ ಆಪರೇಷನ್ ಮಧ್ಯಾಹ್ನಕ್ಕೆ ಹೋಗುವುದು ಆ ಒಂದು ಲೋಟಕ್ಕೇ.